ಕುಣಿಗಲ್ ಕುದುರೆಮರಿ, ಮೈಕ್ರೋವೇವ್ ಪಿಸಿಆರ್

ಕುಣಿಗಲ್ ಅಂದ್ರೆ ಕುದುರೆ ಫಾರಂ. ರೇಸ್ ಕುದುರೆ ಮರಿ ಹಾಕಿದ್ರೆ, ಅದರ ಅಪ್ಪ-ಅಮ್ಮ ಯಾರು ಅಂತ ಡಿಎನ್‌ಎ ನೋಡಿ ಖಾತ್ರಿ ಮಾಡ್ತಾರೆ.

ಆದ್ರೆ ಪರೀಕ್ಷೆಗೆ ಮರಿಯಿಂದ ಕಿತ್ತ ನಾಲ್ಕು ಕೂದಲ ಬುಡದಲ್ಲಿ ಸಿಗೋ ಡಿಎನ್‌ಎ ತೀರಾ ಕಮ್ಮಿ. ಅದನ್ನ ಹೆಚ್ಚಿಸೋ ವಿಧಾನವೇ ಪಿಸಿಆರ್. 95 ಡಿಗ್ರಿಗೆ ಕಾಯಿಸಿದ್ರೆ ಜೋಡಿ ಎಳೆ ಬಿಚ್ಚಿಕೊಳ್ಳುತ್ತೆ. 60ರ ಆಸುಪಾಸಿಗೆ ಇಳಿಸಿದ್ರೆ ಪ್ರೈಮರ್ ಅನ್ನೋ ಪುಟ್ಟ ಡಿಎನ್‌ಎ ತುಂಡು ಬಂದು ಕೂರುತ್ತೆ. 72ರಲ್ಲಿ ಟ್ಯಾಕ್ ಅನ್ನೋ ಕಿಣ್ವ ಹೊಸ ಎಳೆ ಹೆಣೆಯುತ್ತೆ. ಸುತ್ತಿಗೊಮ್ಮೆ ದುಪ್ಪಟ್ಟು. 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟಬಹುದು!

ಹೊತ್ತು ಹಿಡಿಯೋದು ಈ ಕಾಯಿಸಿ ತಣಿಸೋ ಕೆಲಸ. ಮಾಮೂಲಿ ಯಂತ್ರದಲ್ಲಿ ಮೊದಲು ಲೋಹದ ಬ್ಲಾಕ್ ಕಾಯಬೇಕು, ಆಮೇಲೆ ಪ್ಲಾಸ್ಟಿಕ್ ಟ್ಯೂಬ್, ಕೊನೆಗೆ ಒಳಗಿನ ದ್ರವ. ಮೈಕ್ರೋವೇವ್ ಮಾತ್ರ ನೇರವಾಗಿ ದ್ರವವನ್ನೇ ಕಾಯಿಸುತ್ತೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 2003ರಲ್ಲೇ ಇದನ್ನ ಮಾಡಿ ತೋರಿಸಿದ್ರು, ಕಿಣ್ವ ತಡೆದುಕೊಂಡಿತು. ಆದ್ರೆ ಅಡುಗೆಮನೆ ಓವನ್ ಇದಕ್ಕೆ ಆಗಲ್ಲ, ಒಂದು ಕಡೆ ಕುದಿ, ಇನ್ನೊಂದು ಕಡೆ ತಣ್ಣಗೆ. ತಣಿಸೋಕೂ ಬೇರೆ ವ್ಯವಸ್ಥೆ ಬೇಕು.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಬೇರೆ ದಾರಿ ಹಿಡಿಯಿತು: ದ್ರವವನ್ನೇ ಒಂದು ಹನಿಗಿಂತಲೂ ಕಮ್ಮಿ ಮಾಡಿ ಪುಟ್ಟ ಚಿಪ್ ಮೇಲೆ ಕಾಯಿಸೋದು. ಅದೇ ಟ್ರೂನ್ಯಾಟ್ ಅನ್ನೋ ಪಿಸಿಆರ್ ಯಂತ್ರ. ಬ್ಯಾಟರಿಯಲ್ಲೇ ನಡೆಯುತ್ತೆ, ಕಫದಲ್ಲಿರೋ ಕ್ಷಯದ ರೋಗಾಣುವನ್ನ ಅದರ ಡಿಎನ್‌ಎಯಿಂದ ಪತ್ತೆ ಹಚ್ಚೋಕೆ ಹೆಚ್ಚುಕಮ್ಮಿ ಒಂದು ಗಂಟೆ ಸಾಕು. ವೇಗ ಬೇಕಿರೋದು ಇದಕ್ಕೇ: ಗುಬ್ಬಿಯ ಹಳ್ಳಿಯಿಂದ ಬಸ್ ಹಿಡಿದು ತುಮಕೂರಿಗೆ ಬರೋ ರೋಗಿಗೆ ಕಫ ಕೊಟ್ಟ ದಿನವೇ ರಿಪೋರ್ಟ್ ಸಿಗಬೇಕು, ಮಾತ್ರೆ ಅವತ್ತೇ ಶುರುವಾಗಬೇಕು.