ನಿಂತ ಮೋಟಾರುಸೈಕಲು

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಆಸುಪಾಸಿನಲ್ಲಿ, ಉಗಾರವೆಂಬ ಹೆಸರಿನ ಎರಡು ಊರುಗಳಿವೆ. ಒಂದು ಉಗಾರ ಬುದ್ರುಕ, ಇನ್ನೊಂದು ಉಗಾರ ಖುರ್ದ. ಬುದ್ರುಕವೆಂದರೆ ಹಿರಿದು, ಖುರ್ದವೆಂದರೆ ಕಿರಿದು. ಪಾರಸಿ ಮೂಲದ ಈ ಶಬ್ದಗಳು ಗಡಿನಾಡಿನ ಅನೇಕ ಊರುಗಳ ಹೆಸರಿಗೆ ಅಂಟಿಕೊಂಡು ಬಂದಿವೆ. ಹೆಸರಿನಲ್ಲಿ ಕಿರಿದಾದ ಖುರ್ದದಲ್ಲಿಯೇ ರೈಲು ನಿಲ್ದಾಣವೂ, 1939ರಲ್ಲಿ ಸ್ಥಾಪಿತವಾದ ಸಂಸ್ಥೆಯ ಸಕ್ಕರೆ ಕಾರ್ಖಾನೆಯೂ ಇರುವುದು ಒಂದು ವಿನೋದವೆನ್ನಬಹುದು. ಮಳೆಗಾಲ ಕಳೆದು ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಸುತ್ತಲಿನ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಎರಡೆರಡು ಡಬ್ಬಿಗಳನ್ನು ಎಳೆಯುವ ಟ್ರ್ಯಾಕ್ಟರುಗಳು, ಲಾರಿಗಳು, ಎತ್ತಿನ ಚಕ್ಕಡಿಗಳು ಹಗಲಿರುಳೆನ್ನದೆ ಸಾಲುಗಟ್ಟುತ್ತವೆ.

ಇಂಥ ರಸ್ತೆಯ ಮಗ್ಗುಲಲ್ಲಿ ಮೋಟಾರುಸೈಕಲನ್ನು ನಿಲ್ಲಿಸಿ, ಅಂಗಡಿಯಲ್ಲಿ ಗೊಬ್ಬರದ ಚೀಲ ಕೊಳ್ಳಲು ಹೋದ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಆತ ಮರಳಿ ಬರುವಷ್ಟರಲ್ಲಿ ವಾಹನವು ನೆಲಕ್ಕೊರಗಿದೆ. ಮುಂದಿನ ದೀಪ ಒಡೆದಿದೆ, ಹ್ಯಾಂಡಲು ಸೊಟ್ಟಾಗಿದೆ. ಗುದ್ದಿದವರು ಯಾರೆಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಲಕ್ಕೂ ಡೇರಿಗೂ ಅದೇ ವಾಹನವನ್ನು ನಂಬಿದವನಿಗೆ ಇದು ಕೇವಲ ದುರಸ್ತಿಯ ಖರ್ಚಲ್ಲ. ಕೆಲವು ದಿನಗಳ ದುಡಿಮೆಯೇ ನಿಂತುಹೋದಂತೆ. ಚಲಿಸುವ ವಾಹನಕ್ಕೆ ಅಪಾಯವುಂಟೆಂದು ಎಲ್ಲರೂ ಬಲ್ಲರು. ನಿಂತ ವಾಹನಕ್ಕೂ ಅಪಾಯವುಂಟು, ಅದರ ಬಹುಪಾಲು ನಾವು ಅದನ್ನು ನಿಲ್ಲಿಸುವ ಕ್ಷಣದಲ್ಲಿಯೇ ನಿಶ್ಚಯವಾಗಿರುತ್ತದೆ ಎಂಬುದನ್ನು ಅಷ್ಟಾಗಿ ಯಾರೂ ಯೋಚಿಸುವುದಿಲ್ಲ.

ಮೊದಲು ಗುದ್ದುವ ವಾಹನದ ಬಗೆಗೆ ಒಂದು ಮಾತು. ಒದ್ದೆ ನೆಲದ ಮೇಲೆ ಸೈಕಲನ್ನು ಎಡಕ್ಕೆ ತಿರುಗಿಸಿಕೊಂಡು ಹೋಗಿ, ಅನಂತರ ಗಾಲಿಗಳ ಗುರುತನ್ನು ಪರೀಕ್ಷಿಸಿರಿ. ಹಿಂದಿನ ಗಾಲಿಯು ಮುಂದಿನ ಗಾಲಿಯ ದಾರಿಯಲ್ಲಿ ಬಾರದೆ, ತಿರುವಿನ ಒಳಭಾಗದಲ್ಲಿ ಹಾದುಹೋಗಿರುವುದು ಕಾಣುತ್ತದೆ. ವಾಹನವು ಉದ್ದವಾದಷ್ಟೂ ಈ ಒಳಸರಿತ ಹೆಚ್ಚು. ಎರಡು ಡಬ್ಬಿಗಳಿರುವಲ್ಲಿ ಮೊದಲನೆಯದು ಟ್ರ್ಯಾಕ್ಟರಿಗಿಂತ ಒಳಗೆ, ಎರಡನೆಯದು ಅದಕ್ಕಿಂತಲೂ ಒಳಗೆ ಸರಿಯುತ್ತದೆ. ಚಾಲಕನು ಮುಂದಿನ ಗಾಲಿಯನ್ನು ಮೋಟಾರುಸೈಕಲಿನಿಂದ ಸಾಕಷ್ಟು ದೂರದಲ್ಲಿ ದಾಟಿಸಿಕೊಂಡು ಹೋಗಿರುತ್ತಾನೆ. ಹಿಂದಿನ ಡಬ್ಬಿಯ ಗಾಲಿಯೋ, ಹೊರಚಾಚಿದ ಕಬ್ಬಿನ ಜಲ್ಲೆಗಳೋ ಅದನ್ನು ಕೆಡವುತ್ತವೆ. ಯಂತ್ರದ ಆರ್ಭಟದಲ್ಲಿ ಆ ಸದ್ದು ಆತನ ಕಿವಿಗೆ ಬೀಳದಿರುವುದೂ ಉಂಟು. ಗುದ್ದಿ ಓಡಿದವರೆಲ್ಲರೂ ತಿಳಿದೇ ಓಡಿದವರೆಂದು ಭಾವಿಸುವುದು ನ್ಯಾಯವಲ್ಲ. ಆದರೆ ತಿಳಿದೂ ಓಡುವವರಿಗೆ ಕೊರತೆಯಿಲ್ಲ.

ಆದುದರಿಂದ ತಿರುವಿನ ಒಳಮೂಲೆಯು ವಾಹನ ನಿಲ್ಲಿಸಲು ಅತ್ಯಂತ ಕೆಟ್ಟ ಸ್ಥಳ. 1989ರ ರಸ್ತೆ ನಿಯಮಾವಳಿಯೂ, ಅದರ ಸ್ಥಾನದಲ್ಲಿ ಬಂದ 2017ರ ಚಾಲನಾ ನಿಯಮಾವಳಿಯೂ ತಿರುವು, ಕೂಡುರಸ್ತೆ, ಪಾದಚಾರಿ ಮಾರ್ಗ, ಬಸ್ ತಂಗುದಾಣ, ಶಾಲೆ ಹಾಗೂ ಆಸ್ಪತ್ರೆಗಳ ಬಾಗಿಲು ಮುಂತಾದೆಡೆ ವಾಹನ ನಿಲ್ಲಿಸುವುದನ್ನು ನಿಷೇಧಿಸಿವೆ. ಇತರರಿಗೆ ಅಪಾಯವಾಗುವಂತೆ ವಾಹನವನ್ನು ಬಿಟ್ಟುಹೋಗುವುದು 1988ರ ಮೋಟಾರು ವಾಹನ ಕಾಯಿದೆಗೆ ವಿರುದ್ಧವಾದುದು. ಹತ್ತು ಹೆಜ್ಜೆ ನಡೆಯಲು ಬೇಸರಪಟ್ಟು ಅಂಗಡಿಯ ಮೆಟ್ಟಿಲಿಗೇ ಗಾಡಿ ತಾಗಿಸುವ ನಮ್ಮ ಅಭ್ಯಾಸಕ್ಕೆ ಈ ನಿಯಮಗಳು ಹಿಡಿಸವು. ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಜನರ ಕಣ್ಣಿಗೆ ಬೀಳುವ ಕಡೆ, ರಾತ್ರಿಯಾದರೆ ದೀಪದ ಬೆಳಕಿನಲ್ಲಿ ನಿಲ್ಲಿಸಬೇಕು. ಹಿಂದೆ ಸರಿಯುವ ಲಾರಿಗಳು ಬರುವ ತೂಕದ ಕಟ್ಟೆ, ಗೋದಾಮುಗಳ ಮಗ್ಗುಲನ್ನಂತೂ ಬಿಡಬೇಕು.

ಗುದ್ದುವವರಿಲ್ಲದೆಯೂ ಬೀಳುವ ಮೋಟಾರುಸೈಕಲುಗಳಿವೆ. ಕೃಷ್ಣೆಯ ದಂಡೆಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದು, ನೀರು ಕುಡಿದೊಡನೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಬಲವು ಅಷ್ಟೇ ಇದ್ದರೂ ಅದು ಬೀಳುವ ಸ್ಥಳ ಕಿರಿದಾದಷ್ಟೂ ಒತ್ತಡ ಹೆಚ್ಚುವುದೆಂಬುದನ್ನು ನೀವು ವಿಜ್ಞಾನದಲ್ಲಿ ಓದುತ್ತೀರಿ. ನೂರು ಕಿಲೋಗ್ರಾಂ ಮೀರಿದ ವಾಹನದ ಭಾರದಲ್ಲಿ ಸ್ವಲ್ಪ ಪಾಲು ಮಾತ್ರವೇ ಸೈಡ್ ಸ್ಟ್ಯಾಂಡಿನ ಮೇಲೆ ಬೀಳುತ್ತದೆ. ಆದರೂ ಅದರ ಪಾದ ಎರಡು ಬೆರಳಗಲವಷ್ಟೇ ಆದುದರಿಂದ ಅದು ಮೆಲ್ಲಮೆಲ್ಲನೆ ಮಣ್ಣಿನಲ್ಲಿ ಇಳಿಯುತ್ತ ಹೋಗುತ್ತದೆ. ಚಪ್ಪಟೆ ಕಲ್ಲನ್ನೋ ಹಲಗೆಯ ತುಂಡನ್ನೋ ಅದರ ಅಡಿಗೆ ಇಟ್ಟರೆ ಭಾರ ಹರಡಿ ವಾಹನ ನಿಲ್ಲುತ್ತದೆ. ಬಿಸಿಲಿಗೆ ಕರಗಿದ ಡಾಂಬರಿನ ಮೇಲೂ ಇದೇ ಉಪಾಯ.

ರಸ್ತೆಯ ನಡುಭಾಗ ಎತ್ತರವಾಗಿದ್ದು ಎರಡೂ ಅಂಚುಗಳ ಕಡೆಗೆ ಇಳಿಜಾರಾಗಿರುವುದು ಮಳೆನೀರು ಹರಿದುಹೋಗಲೆಂದು. ಎಡ ಅಂಚಿನಲ್ಲಿ ಮುಂದೆ ಮುಖಮಾಡಿ ನಿಲ್ಲಿಸಿದಾಗ, ಎಡಕ್ಕೇ ವಾಲುವ ಮೋಟಾರುಸೈಕಲು ಈ ಇಳಿಜಾರಿನಿಂದ ಇನ್ನಷ್ಟು ವಾಲುತ್ತದೆ. ಎಡಗಡೆಯ ನೆಲವೇ ಎತ್ತರವಿದ್ದರೆ ಅದು ನೆಟ್ಟಗೆ ನಿಂತು, ಸಣ್ಣ ತಾಗಿಗೇ ಬಲಕ್ಕೆ ಉರುಳುತ್ತದೆ. ಏರಿನಲ್ಲಿ ಮುಂಭಾಗವನ್ನು ಮೇಲ್ಮುಖವಾಗಿ ಇರಿಸಿ, ಮೊದಲ ಗೇರಿನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಬೀಗ ಹಾಕುವುದು ಒಳ್ಳೆಯದು. ಸಮನೆಲದಲ್ಲಿ ಬಹುಹೊತ್ತು ನಿಲ್ಲಿಸುವುದಾದರೆ ನಡುವಿನ ಜೋಡಿ ಸ್ಟ್ಯಾಂಡೇ ಭದ್ರ. ಇಳಿಜಾರಿನಲ್ಲಿ ಮಾತ್ರ ಅದರ ಮೇಲಿಂದ ವಾಹನ ಮುಂದಕ್ಕೆ ಜಾರಿಬಿಡಬಹುದು.

ಇಷ್ಟೆಲ್ಲ ಮಾಡಿದರೂ ಯಾರೋ ಗುದ್ದಿ ಹೋದರೆಂದು ಇಟ್ಟುಕೊಳ್ಳೋಣ. ಬಿದ್ದ ವಾಹನವನ್ನು ಕೂಡಲೇ ಎತ್ತಿ ನಿಲ್ಲಿಸಬೇಕೆನಿಸುವುದು ಸಹಜ. ಸಂಚಾರಕ್ಕೆ ಅಡ್ಡಿಯಿಲ್ಲದಿದ್ದರೆ ಎತ್ತುವ ಮೊದಲು ಇದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆಯುವುದು ಉಚಿತ. ಗುದ್ದಿದ ವಾಹನದ ಬಣ್ಣ ನಮ್ಮ ಟ್ಯಾಂಕಿಗೆ ಮೆತ್ತಿಕೊಂಡಿರಬಹುದು. ಒಡೆದ ಗಾಜಿನ ಚೂರು ನಮ್ಮದಲ್ಲದೆ ಇರಬಹುದು. ಪೆಟ್ರೋಲು ಸೋರಿದ್ದರೆ ಬೀಡಿ, ಬೆಂಕಿಕಡ್ಡಿಗಳನ್ನು ಹತ್ತಿರ ಸುಳಿಯಗೊಡಬಾರದು. ಬ್ರೇಕು, ಹ್ಯಾಂಡಲು, ಗಾಲಿಗಳನ್ನು ಪರೀಕ್ಷಿಸದೆ ಏರಿ ಹೊರಟುಬಿಡುವುದು ಎರಡನೆಯ ಅಪಘಾತಕ್ಕೆ ಆಹ್ವಾನ.

ಅನಂತರ ಸಾಕ್ಷಿಗಳನ್ನು ಹುಡುಕಬೇಕು. ಚಹಾದಂಗಡಿಯವರು, ಎದುರಿನ ಅಂಗಡಿಯ ಕ್ಯಾಮೆರಾ, ಶಾಲೆ ಬಿಟ್ಟು ಬರುವ ಮಕ್ಕಳು, ಇವರಲ್ಲಿ ಯಾರಾದರೂ ವಾಹನದ ಸಂಖ್ಯೆಯನ್ನು ಕಂಡಿರಬಹುದು. ನಿಮ್ಮ ವಯಸ್ಸಿನವರಿಗೆ ಮೋಟಾರುಸೈಕಲು ನಡೆಸುವ ಹಕ್ಕಿಲ್ಲ. ಗೇರಿರುವ ವಾಹನಕ್ಕೆ ಹದಿನೆಂಟು ತುಂಬಲೇಬೇಕು. ಸಾಕ್ಷಿ ಹೇಳಲು ಮಾತ್ರ ಅಂಥ ವಯೋಮಿತಿಯಿಲ್ಲ. ಗಡಿಭಾಗವಾದ ಇಲ್ಲಿ ಚಿಕ್ಕೋಡಿಯ ಕೆಎ 23ರ ಜೊತೆಗೆ ಸಾಂಗಲಿಯ ಎಂಎಚ್ 10, ಕೊಲ್ಹಾಪುರದ ಎಂಎಚ್ 09 ಫಲಕಗಳೂ ಓಡಾಡುತ್ತವೆ. ಕೊನೆಯ ನಾಲ್ಕು ಅಂಕೆಗಳಷ್ಟೇ ನೆನಪಿದ್ದರೆ ಸಾಲದು. ಮೊದಲ ಅಕ್ಷರಗಳು ಸಿಕ್ಕರೆ ಶೋಧ ಬಹಳ ಸುಲಭವಾಗುತ್ತದೆ. ಕಂಡದ್ದನ್ನು ಆಗಲೇ ಅಂಗೈಯ ಮೇಲಾದರೂ ಬರೆದುಕೊಳ್ಳಬೇಕು.

ಸಂಖ್ಯೆಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಕಾಯಿದೆಯ 134ನೆಯ ಕಲಮಿನ ಪ್ರಕಾರ, ವ್ಯಕ್ತಿಗೆ ಗಾಯವಾದರೆ ಮಾತ್ರವಲ್ಲ, ಇನ್ನೊಬ್ಬರ ಸ್ವತ್ತಿಗೆ ಹಾನಿಯಾದರೂ ಚಾಲಕನು ಸಮೀಪದ ಪೊಲೀಸ್ ಠಾಣೆಗೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ವರದಿ ಮಾಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ವಾಹನದ ಸಂಖ್ಯೆ ದೊರೆತರೆ ಚಾಲಕನಾರೆಂಬುದನ್ನು ಪೊಲೀಸರಿಗೆ ತಿಳಿಸುವ ಹೊಣೆ ಅದರ ಮಾಲೀಕನ ಮೇಲೆ ಬೀಳುತ್ತದೆ. ಹಾನಿಗೆ ಪರಿಹಾರವನ್ನು ಆತನ ವಿಮಾ ಕಂಪನಿಯಿಂದ ಕೇಳಬಹುದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ಹೋಗಬಹುದು.

ಸಂಖ್ಯೆ ಸಿಗದಿದ್ದರೆ ಚಿತ್ರ ಬೇರೆ. ‘ಗುದ್ದಿ ಓಡಿದ’ ಪ್ರಕರಣವೆಂದರೆ ಚಾಲಕ ಓಡಿಹೋದ ಪ್ರಕರಣವೆಂದು ಜನರು ತಿಳಿಯುತ್ತಾರೆ. ಕಾಯಿದೆಯಲ್ಲಿ ಅದರ ಅರ್ಥ, ಸಾಕಷ್ಟು ಪ್ರಯತ್ನಿಸಿದರೂ ವಾಹನದ ಗುರುತು ಪತ್ತೆಯಾಗದ ಅಪಘಾತ ಎಂದು. ಅಂಥ ಪ್ರಕರಣಗಳಲ್ಲಿ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿಗಳನ್ನು 2022ರ ಯೋಜನೆಯಂತೆ ಕೊಡಲಾಗುತ್ತದೆ. ಮುರಿದ ಮೋಟಾರುಸೈಕಲಿಗೆ ಅದರಲ್ಲಿ ಒಂದು ಕಾಸೂ ಇಲ್ಲ.

ಆಗ ಉಳಿಯುವುದು ಸ್ವಂತ ವಿಮೆಯೊಂದೇ. ಇಲ್ಲಿ ಒಂದು ಭ್ರಮೆ ವ್ಯಾಪಕವಾಗಿದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷಗಳ ವಿಮೆಯನ್ನು ಕಡ್ಡಾಯ ಮಾಡಲಾಗಿದೆ. ಆ ಕಡ್ಡಾಯವು ನಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಗೆ ಸಂಬಂಧಿಸಿದುದು. ನಮ್ಮ ವಾಹನಕ್ಕೇ ಆಗುವ ಹಾನಿಯ ವಿಮೆಯನ್ನು ಬಹುಮಟ್ಟಿಗೆ ಒಂದೇ ವರ್ಷಕ್ಕೆ ಮಾಡಿಸಿರುತ್ತಾರೆ. ಎರಡನೆಯ ವರ್ಷ ಅದನ್ನು ನವೀಕರಿಸದ ಮಾಲೀಕನು ಐದು ವರ್ಷದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಿಶ್ಚಿಂತನಾಗಿರುತ್ತಾನೆ. ಗಾಡಿ ಬಿದ್ದ ದಿನವೇ ಆತನಿಗೆ ನಿಜಸ್ಥಿತಿ ತಿಳಿಯುವುದು.

ಸ್ವಂತ ಹಾನಿಯ ವಿಮೆ ಜಾರಿಯಲ್ಲಿದ್ದರೆ ಕಂಪನಿಗೆ ತಡಮಾಡದೆ ತಿಳಿಸಿ, ಅವರ ಪರಿಶೀಲಕರು ನೋಡುವವರೆಗೆ ದುರಸ್ತಿಯನ್ನು ತಡೆದಿಡಬೇಕು. ಠಾಣೆಯಲ್ಲಿ ದೂರು ಕೊಟ್ಟು ಪಡೆದ ಕಾಗದವೂ ಜೊತೆಗಿರಲಿ. ಪ್ರಥಮ ವರ್ತಮಾನ ವರದಿ ದಾಖಲಾದಲ್ಲಿ ಅದರ ಪ್ರತಿಯನ್ನು ದೂರುದಾರನಿಗೆ ಶುಲ್ಕವಿಲ್ಲದೆ ಕೊಡತಕ್ಕದ್ದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರು ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ. ಪರಿಹಾರ ಕೇಳದ ವರ್ಷಗಳಿಗಾಗಿ ಶೇಕಡ 20ರಿಂದ ಆರಂಭವಾಗಿ ಶೇಕಡ 50ರವರೆಗೆ ಏರುವ ರಿಯಾಯಿತಿಯೊಂದುಂಟು. ಒಮ್ಮೆ ಪರಿಹಾರ ಪಡೆದರೆ, ತಪ್ಪು ಯಾರದೇ ಆಗಿರಲಿ, ಅದು ಕೈತಪ್ಪುತ್ತದೆ. ಒಡೆದದ್ದು ಕನ್ನಡಿಯೊಂದೇ ಆಗಿದ್ದರೆ ಮುಂದಿನ ವರ್ಷ ಕಳೆದುಕೊಳ್ಳುವ ರಿಯಾಯಿತಿಯು ಕನ್ನಡಿಯ ಬೆಲೆಯನ್ನು ಮೀರಬಹುದು. ಆಗ ಮೇಸ್ತ್ರಿಗೆ ಕೈಯಿಂದಲೇ ಹಣ ಕೊಡುವುದು ಲಾಭಕರ. ಮುಂದಿನ ಫೋರ್ಕು ಬಾಗಿ, ಟ್ಯಾಂಕು ನಜ್ಜುಗುಜ್ಜಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ದುರಸ್ತಿಯ ಅಂದಾಜುಪಟ್ಟಿಯನ್ನೂ ಕಳೆದ ವರ್ಷದ ವಿಮಾ ರಸೀದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೆಕ್ಕವನ್ನು ನೀವೇ ನಿಮ್ಮ ಮನೆಯವರಿಗೆ ಮಾಡಿಕೊಡಬಹುದು.