ದಿಗ್ಬಂಧನ ಮತ್ತು ದಿನಾರ್

'ದಿಗ್ಬಂಧನ'ವು ಮೂಲತಃ ಮಂತ್ರಶಾಸ್ತ್ರದ ಶಬ್ದ. ಅನುಷ್ಠಾನಕ್ಕೆ ಕುಳಿತವನು ದುಷ್ಟಶಕ್ತಿಗಳು ಒಳಬಾರದಂತೆ ದಿಕ್ಕುಗಳನ್ನು ಕಟ್ಟುವ ಕ್ರಿಯೆ ಅದು. ಕಟ್ಟಿನ ಒಳಗಿರುವವನು ಸುರಕ್ಷಿತ. ಪತ್ರಿಕೆಗಳ 'ಆರ್ಥಿಕ ದಿಗ್ಬಂಧನ'ದಲ್ಲಿ ಈ ಅರ್ಥ ತಿರುವುಮುರುವಾಗಿದೆ. ಆದರೂ ಹಳೆಯ ಅರ್ಥ ಪೂರ್ತಿಯಾಗಿ ಅಳಿದಿಲ್ಲವೆಂಬುದಕ್ಕೆ ಇರಾಕಿನ ಅನುಭವ ಸಾಕ್ಷಿಯಾಗಿದೆ.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ನಾಲ್ಕೇ ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 661ನೆಯ ನಿರ್ಣಯದ ಮೂಲಕ ಆ ದೇಶದ ಆಮದು ರಫ್ತುಗಳೆರಡನ್ನೂ ನಿಷೇಧಿಸಿತು. ಔಷಧಿಗೆ ವಿನಾಯಿತಿಯಿತ್ತು, ನಿಜ. ಆದರೆ ಕೊಳ್ಳಲು ಹಣವೆಲ್ಲಿ? ವಿದೇಶಿ ಹಣ ತೈಲದಿಂದ, ಆಹಾರದ ಬಹುಪಾಲು ಹೊರದೇಶಗಳಿಂದ ಬರುತ್ತಿದ್ದ ನಾಡದು.

ಬರಿದಾದ ಬೊಕ್ಕಸವನ್ನು ಸರ್ಕಾರವು ನೋಟು ಮುದ್ರಿಸಿ ತುಂಬಿಕೊಂಡಿತು. ಹೊರದೇಶದಲ್ಲಿ ಅಚ್ಚಾಗುತ್ತಿದ್ದ ನೋಟುಗಳು ನಿಂತುಹೋದ ಮೇಲೆ ಕಳಪೆ ಮುದ್ರಣದ ಸ್ಥಳೀಯ ನೋಟುಗಳು ಚಲಾವಣೆಗೆ ಬಂದವು. ಮೊದಲು ಒಂದು ದಿನಾರಿನ ಅಧಿಕೃತ ಬೆಲೆ ಸುಮಾರು ಮೂರು ಡಾಲರು. 1995ರ ಕೊನೆಗೆ ಪೇಟೆಯಲ್ಲಿ ಒಂದು ಡಾಲರಿಗೆ ಸುಮಾರು 3,000 ದಿನಾರ್ ತೆರಬೇಕಾಯಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1993ರಲ್ಲಿ ಬಾಗ್ದಾದು ಹಳೆಯ 25 ದಿನಾರಿನ ನೋಟನ್ನು ರದ್ದುಪಡಿಸಿದಾಗ ಉತ್ತರದ ಕುರ್ದ್ ಪ್ರದೇಶದವರು ಹಳೆಯ ನೋಟುಗಳನ್ನೇ ಬಳಸುತ್ತ ಉಳಿದರು. 'ಸ್ವಿಸ್ ದಿನಾರ್' ಎಂದು ಹೆಸರಾದ ಅವುಗಳ ಬೆನ್ನಿಗೆ ಯಾವ ಬ್ಯಾಂಕೂ ಇರಲಿಲ್ಲ. ಹೊಸದಾಗಿ ಅಚ್ಚು ಹಾಕುವವರೂ ಇರಲಿಲ್ಲ. ಆ ಕೊರತೆಯೇ ಅವುಗಳ ಬಲವಾಯಿತು. 2003ರಲ್ಲಿ ಹೊಸ ನಾಣ್ಯಪದ್ಧತಿ ಬಂದಾಗ ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್ ದೊರೆತರೆ, ಬಾಗ್ದಾದಿನ ನೋಟಿಗೆ ದೊರೆತದ್ದು ಒಂದಕ್ಕೆ ಒಂದು.

ನಿಶ್ಚಿತ ಸಂಬಳವನ್ನೇ ನಂಬಿದ ಅಧ್ಯಾಪಕರು, ವೈದ್ಯರು, ಗುಮಾಸ್ತರು ಈ ಕುಸಿತದಲ್ಲಿ ಮೊದಲು ಮುಳುಗಿದರು. ಹತ್ತನೆಯ ಶತಮಾನದ ಕವಿ ಮುತನಬ್ಬಿಯ ಹೆಸರಿನ ಬಾಗ್ದಾದಿನ ಪುಸ್ತಕದ ಬೀದಿಗೆ ವಿದ್ಯಾವಂತರು ತಮ್ಮ ಮನೆಯ ಗ್ರಂಥಭಂಡಾರಗಳನ್ನೇ ತಂದು ಮಾರಿದರು. ಮಕ್ಕಳ ಮರಣದ ಬಗ್ಗೆ 1999ರಲ್ಲಿ ಪ್ರಕಟವಾದ ಅಂಕಿಗಳನ್ನು ಅನಂತರದ ಸಮೀಕ್ಷೆಗಳು ಸಮರ್ಥಿಸಲಿಲ್ಲ. ಹಾಗೆಂದು ಬಡತನವೇ ಸುಳ್ಳಾಗದು.

ಇತ್ತ ಆಳುವವರ ಹಿಡಿತ ಸಡಿಲಲಿಲ್ಲ, ಬಿಗಿಯಾಯಿತು. 1990ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಡಿತರದಿಂದ ಪ್ರತಿ ಮನೆಯ ಹಿಟ್ಟು, ಅಕ್ಕಿ, ಸಕ್ಕರೆ ಸರ್ಕಾರದ ದಫ್ತರಕ್ಕೆ ಅಧೀನವಾದವು. ಕಳ್ಳಸಾಗಣೆಯ ಲಾಭವೂ ಅಧಿಕಾರದ ಸಮೀಪವರ್ತಿಗಳಿಗೇ ಸಂದಿತು. 1996ರ ಡಿಸೆಂಬರಿನಿಂದ ಆಹಾರಕ್ಕಾಗಿ ತೈಲ ಮಾರಲು ಅನುಮತಿ ದೊರೆತರೂ ಮೊದಲಿಗೆ ಆ ಆದಾಯದ ಶೇ. 30 ಭಾಗ ಯುದ್ಧಪರಿಹಾರಕ್ಕೆ ಹೋಗುತ್ತಿತ್ತು. 2003ರ ಮೇ 22ರಂದು ವ್ಯಾಪಾರ ನಿಷೇಧ ತೆರವಾಯಿತು. ಪಡಿತರ ಪದ್ಧತಿ ಅನಂತರವೂ ಉಳಿದುಕೊಂಡಿತು.