ನೆಲಕ್ಕಿಳಿದ ಡೀಸೆಲ್ಲೂ ಸಾಬೂನು ನೀರೂ

ನೆಲದಲ್ಲಿ ಹೂತಿಟ್ಟ ಹಳೆಯ ಡೀಸೆಲ್ ಟ್ಯಾಂಕು ತುಕ್ಕು ಹಿಡಿದು ಸೋರಿ, ಲೈನ್ ಮನೆಗಳ ಬಾವಿಯಲ್ಲಿ ಎಣ್ಣೆಯ ಪೊರೆ ಕಾಣಿಸಿಕೊಂಡಿದೆಯೆಂದು ಸದಸ್ಯರೊಬ್ಬರು ನಮಗೆ ತಿಳಿಸಿದ್ದಾರೆ. ಸೀಮೆಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಗಿಡಗಳಿಗೆ ಸಿಂಪಡಿಸುವುದುಂಟಷ್ಟೆ. ಹಾಗೆಯೇ ಟ್ಯಾಂಕಿನ ಗುಂಡಿಗೆ ಸಾಬೂನು ನೀರು ಸುರಿದರೆ ಎಣ್ಣೆ ತೊಳೆದುಹೋಗದೆ ಎಂಬುದು ಅವರ ಪ್ರಶ್ನೆ. ತೊಳೆದುಹೋಗುವುದೇನೋ ನಿಜ. ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ವಿಚಾರಿಸಬೇಕು.

ಡೀಸೆಲ್ ನೀರಿಗಿಂತ ಹಗುರ. ಮಣ್ಣಿನೊಳಗೆ ಇಳಿದು ಅಂತರ್ಜಲವನ್ನು ಮುಟ್ಟಿದ ಮೇಲೆ ಅದರ ಮೇಲೆಯೇ ಹರಡುತ್ತದೆ. ಮಳೆಗಾಲಕ್ಕೂ ಏಪ್ರಿಲಿಗೂ ನಮ್ಮ ಬಾವಿಗಳ ಮಟ್ಟ ಎಷ್ಟು ಏರಿಳಿಯುತ್ತದೆಂದು ಹೇಳಬೇಕಾಗಿಲ್ಲ. ನೀರಿನೊಡನೆ ಎಣ್ಣೆಯೂ ಏರಿಳಿದು ಅಷ್ಟು ಅಡಿ ಮಣ್ಣಿಗೂ ಮೆತ್ತಿಕೊಳ್ಳುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ಹನಿಹನಿಯಾಗಿ ಸಿಕ್ಕಿಕೊಂಡ ಎಣ್ಣೆ ಬರಿಯ ಪಂಪಿಗೆ ಬಗ್ಗುವುದಿಲ್ಲ. ಅಲ್ಲಿಂದಲೇ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಡುತ್ತಿರುತ್ತದೆ.

ಈ ಹನಿಗಳನ್ನು ಬಿಡಿಸಲು ಸರ್ಫ್ಯಾಕ್ಟಂಟುಗಳೆಂಬ ಸಾಬೂನಿನ ಜಾತಿಯ ರಾಸಾಯನಿಕಗಳನ್ನು ಬಳಸುತ್ತಾರೆ. ಇವುಗಳ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಎಣ್ಣೆಗೂ ಒಲಿಯುತ್ತದೆ. ಅಣುಗಳು ಗುಂಪುಗೂಡಿ, ಎಣ್ಣೆಯನ್ನು ನಡುವೆ ಹಿಡಿದುಕೊಂಡು ನೀರಿನೊಡನೆ ಸಾಗುತ್ತವೆ. ಹಳೆಯ ತೈಲಬಾವಿಗಳಲ್ಲಿ ಉಳಿದ ಎಣ್ಣೆಯನ್ನು ತೆಗೆಯಲು ಹೂಡಿದ ಉಪಾಯವೂ ಇದೇ.

ಅಮೆರಿಕದ ಯೂಟಾ ರಾಜ್ಯದ ಹಿಲ್ ವಾಯುನೆಲೆಯಲ್ಲಿ 1996ರಲ್ಲಿ ಇದರ ಪ್ರಯೋಗ ನಡೆಯಿತು. ಅಲ್ಲಿನ ಗುಂಡಿಗಳಿಗೆ ಹಿಂದೆ ವಿಮಾನದ ಇಂಧನ, ದ್ರಾವಕ ಮುಂತಾದುವನ್ನು ಸುರಿದಿದ್ದರು. ಪ್ರಯೋಗಕ್ಕೆ ಆರಿಸಿದ ಜಾಗ 4.6 ಮೀಟರ್ ಉದ್ದ, 2.8 ಮೀಟರ್ ಅಗಲ, ಒಂದು ಕೋಣೆಯಷ್ಟೇ. ಅದರ ಸುತ್ತ ಉಕ್ಕಿನ ಹಲಗೆಗಳನ್ನು ಕೆಳಗಿನ ಜೇಡಿ ಪದರದವರೆಗೆ ಬಡಿದು ಇಳಿಸಿದರು. ಶೇಕಡಾ 3 ಸರ್ಫ್ಯಾಕ್ಟಂಟ್, ಶೇಕಡಾ 2.5 ಪೆಂಟನಾಲ್ ಎಂಬ ಆಲ್ಕೋಹಾಲ್ ಬೆರೆಸಿದ ನೀರನ್ನು ಒಂದು ಬದಿಯ ಕೊಳವೆಗಳಿಂದ ಒಳಗೆ ಬಿಟ್ಟು, ಎದುರು ಬದಿಯಿಂದ ಎತ್ತಿದರು. ಮಣ್ಣಿನ ಸಂದುಗಳೆಲ್ಲ ಒಮ್ಮೆ ತುಂಬುವಷ್ಟು ದ್ರಾವಣವನ್ನು ಒಂದು ಅಳತೆಯೆಂದುಕೊಂಡರೆ, ಅಂಥ ಒಂಬತ್ತು ಅಳತೆ ಹಾಯಿಸಬೇಕಾಯಿತು. ಎಣ್ಣೆಯ ಮುಖ್ಯ ಘಟಕಗಳಲ್ಲಿ ಸುಮಾರು ಶೇಕಡಾ 90 ಹೊರಬಂತು. ಪೂರ್ತಿ ಬರಲಿಲ್ಲ.

ಆ ಉಕ್ಕಿನ ಗೋಡೆಯನ್ನು ಸದಸ್ಯರು ಗಮನಿಸಬೇಕು. ಗೋಡೆಯಿಲ್ಲದ ಕಡೆ, ಒಳಬಿಟ್ಟದ್ದಕ್ಕಿಂತ ಹೆಚ್ಚು ನೀರನ್ನು ಸತತವಾಗಿ ಎತ್ತುತ್ತ, ಬಿಡಿಸಿದ ಎಣ್ಣೆ ಆಚೆ ಜಾರದಂತೆ ನೋಡಿಕೊಳ್ಳುತ್ತಾರೆ. ಎತ್ತಿದ ನೊರೆನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವುದೇ ಇನ್ನೊಂದು ಕಾರ್ಖಾನೆಯ ಕೆಲಸ. ಯಾವ ಮಣ್ಣಿಗೆ, ಯಾವ ಎಣ್ಣೆಗೆ ಯಾವ ಸರ್ಫ್ಯಾಕ್ಟಂಟ್, ಎಷ್ಟು ಉಪ್ಪು ಎಂಬುದನ್ನು ಪ್ರಯೋಗಶಾಲೆಯಲ್ಲಿ ಮೊದಲು ಗೊತ್ತುಮಾಡಿಕೊಳ್ಳಬೇಕು. ಜಿಗುಟು ಜೇಡಿಯಲ್ಲಂತೂ ದ್ರಾವಣ ಸುಲಭದ ದಾರಿ ಹಿಡಿದು ಹರಿದುಬಿಡುತ್ತದೆ. ಎಣ್ಣೆ ಇದ್ದಲ್ಲೇ ಇರುತ್ತದೆ.

ಇದಾವುದೂ ಇಲ್ಲದೆ ಬಟ್ಟೆ ತೊಳೆಯುವ ಪುಡಿಯನ್ನು ಕದಡಿ ಗುಂಡಿಗೆ ಸುರಿದರೆ, ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಡೀಸೆಲ್ ಬಿಡಿಸಿಕೊಂಡು ಬಾವಿಯ ಕಡೆಗೇ ನಡೆದೀತು. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಇಂದು ಪೊರೆ ಕಂಡು ಜನ ಕೊಡ ಹಿಂದಕ್ಕೆ ತೆಗೆಯುತ್ತಾರೆ. ಸಾಬೂನು ಸೇರಿದರೆ ಪೊರೆ ಮಾಯವಾಗಿ ಎಣ್ಣೆ ನೀರಿನಲ್ಲೇ ಬೆರೆತಿರುತ್ತದೆ. ಬಾವಿ ಶುದ್ಧವಾಯಿತೆಂದು ಕುಡಿಯುತ್ತಾರೆ.

ಆದ್ದರಿಂದ ಮೊದಲು ಆ ಬಾವಿಯ ನೀರನ್ನು ಕುಡಿಯಲು, ಅಡಿಗೆಗೆ ಬಳಸುವುದನ್ನು ನಿಲ್ಲಿಸಿ, ಲೈನ್ ಮನೆಗಳಿಗೆ ಬೇರೆ ನೀರು ಒದಗಿಸಬೇಕು. ಕಾಯಿಸಿದರೆ ಸಾಕೆಂಬ ನಂಬಿಕೆ ಬೇಡ. ಟ್ಯಾಂಕು ಬರಿದು ಮಾಡಿಸಿ, ಎಣ್ಣೆ ನಾತದ ಮಣ್ಣನ್ನು ಮಳೆಗೆ ಮುಂಚೆ ಅಗೆದು ತೆಗೆದು, ತಾರ್ಪಾಲಿನ ಮೇಲೆ ಹಾಕಿ ಮುಚ್ಚಿಡಬೇಕು. ತೋಡಿನ ದಡಕ್ಕೆ ಎಸೆಯಬಾರದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ ನೀರನ್ನು ಪರೀಕ್ಷೆ ಮಾಡಿಸಬೇಕು. ಹೂವಿಗೆ ನೀರು ಹಾಯಿಸುವ ಪಂಪುಸೆಟ್ಟಿಗೆಂದು ಡೀಸೆಲ್ ಶೇಖರಿಸುವ ಇತರ ಸದಸ್ಯರು ಪೀಪಾಯಿಗಳನ್ನು ಬಾವಿಯಿಂದ ದೂರದಲ್ಲಿ, ಸುತ್ತ ಕಟ್ಟೆಯಿರುವ ಸಿಮೆಂಟು ನೆಲದ ಮೇಲೆ, ಸೋರಿದರೆ ಕಣ್ಣಿಗೆ ಬೀಳುವಂತೆ ಇಡತಕ್ಕದ್ದು.